ಬೈದರೆ ಏಳುತ್ತಾನೆ, ಹೊಗಳಿದರೆ ಏಳುವುದಿಲ್ಲ: ಖಿನ್ನತೆಗೆ ಬಿದ್ದ ಮಗುವಿನ ಮಿದುಳಿನಲ್ಲಿ ಏನಾಗುತ್ತದೆ?

ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ವಿಜಯಪುರದ ಹುಡುಗರನ್ನು ಮನೆಯಲ್ಲಿ ಹಿಡಿದಿಡುವುದು ಕಷ್ಟ. ಸಂಕ್ರಾಂತಿಯ ಚಳಿಗೆ ಸ್ವೆಟರ್ ಹಾಕಿಕೊಳ್ಳಲೂ ನಿಲ್ಲದೆ ಓಡುತ್ತವೆ. ಹೋದ ಜಾತ್ರೆಯಲ್ಲಿ ನಮ್ಮ ಅಕ್ಕನ ಮಗ ಮಾತ್ರ ಮನೆಯಲ್ಲೇ ಉಳಿದ. ಒಂಬತ್ತು ಮುಗಿದು ಹತ್ತಕ್ಕೆ ಬಿದ್ದಿದ್ದ.

"ತೊಟ್ಟಿಲು ಹತ್ತಸ್ತೀನಿ, ಬಾರಲೇ" ಎಂದೆ.

"ಒಲ್ಲೆ."

"ಮಿರ್ಚಿ ಭಜಿ?"

"ಒಲ್ಲೆ."

"ಹೋದ ವರ್ಷ ಅತ್ತು ಅತ್ತು ಕೇಳಿದ್ದೆಲ್ಲಾ, ರಿಮೋಟ್ ಕಾರು?"

ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಕಂಡ. "ಬ್ಯಾಡ ಮಾಮಾ."

ಅಳುತ್ತಿರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ. ಆಕಾಶದಲ್ಲಿ ಢಂ ಎಂದು ಬಣ್ಣ ಸಿಡಿದಾಗ ಕಿಟಕಿಯ ಕಡೆ ಒಮ್ಮೆ ನೋಡಿದ. ಮತ್ತೆ ಚಾಪೆಯ ಅಂಚಿನ ಕಡ್ಡಿ ಕೀಳುತ್ತಾ ಕೂತ. ಅಷ್ಟೇ.

ಮರುದಿನ ಬೆಳಗ್ಗೆ ಅವನ ಕೋಚಿಂಗ್ ಕ್ಲಾಸಿನ ಟೆಸ್ಟ್ ಅಂಕ ವಾಟ್ಸಾಪಿನಲ್ಲಿ ಬಂತು. ಎಲ್ಲ ಹುಡುಗರದ್ದೂ ಒಂದೇ ಪಟ್ಟಿ, ಕೆಳಗಿನ ಹತ್ತು ಹೆಸರಿಗೆ ಕೆಂಪು ಬಣ್ಣ. ಇವನದು ಕೆಂಪಿನಲ್ಲಿತ್ತು. ಭಾವ ದನಿ ಏರಿಸಿದರು, ಬೆನ್ನಿಗೆ ಒಂದು ಏಟೂ ಬಿತ್ತು. ಹುಡುಗ ತಟ್ಟನೆ ಎದ್ದು ಕೈ ಕಾಲು ತೊಳೆದು ಪುಸ್ತಕ ತೆಗೆದ. "ನೋಡ್ರಿ, ನಿಮ್ಮ ಮಿರ್ಚಿ, ತೊಟ್ಟಿಲು ಏನೂ ನಡೆಂಗಿಲ್ಲ. ಇವ್ನಿಗೆ ಇದ ಭಾಷಾ ತಿಳಿಯೂದು" ಎಂದರು ಭಾವ.

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಯಾಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಖಿನ್ನತೆಗೆ ಬಿದ್ದ ಮಕ್ಕಳ ಮಿದುಳಿನ ಬಗ್ಗೆ ಕಳೆದ ಹದಿನೈದು ವರ್ಷಗಳಲ್ಲಿ ನಡೆದಿರುವ ಸಂಶೋಧನೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಆದರೆ ಅದರಿಂದ ಭಾವ ತೆಗೆದ ತೀರ್ಮಾನಕ್ಕೆ ಪೂರ್ತಿ ಉಲ್ಟಾ ತೀರ್ಮಾನ ತೆಗೆಯುತ್ತದೆ.

ಎರಡು ಬಾಗಿಲಿನ ಆಟ

ಮೊದಲು ಒಂದು ಆಟದ ಕಥೆ. ಅಮೆರಿಕದ ಸೇಂಟ್ ಲೂಯಿಸ್ ಊರಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಜೋನ್ ಲೂಬಿ ಎಂಬ ಮಕ್ಕಳ ಮನೋವೈದ್ಯೆ ಇದ್ದಾರೆ. ಮೂರು ವರ್ಷದ ಮಗುವಿಗೂ ಡಿಪ್ರೆಶನ್ ಬರಬಹುದು ಎಂದು ಅವರು ಮೊದಮೊದಲು ಹೇಳಿದಾಗ ಬಹಳ ಜನ ನಂಬಲಿಲ್ಲ. ನಮ್ಮಲ್ಲಿ ಈಗಲೂ ನಂಬುವುದಿಲ್ಲ, ಅಲ್ವಾ? "ಕೂಸಿಗೆ ಎಂಥಾ ಚಿಂತಿ?" ಎಂದು ನಗುತ್ತಾರೆ.

2016ರಲ್ಲಿ ಅವರ ತಂಡ 4ರಿಂದ 7 ವರ್ಷದ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿತು. ತಲೆಗೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ಅಳೆಯುವ, ವೈರುಗಳ ಟೋಪಿ. ಪರದೆಯ ಮೇಲೆ ಎರಡು ಬಾಗಿಲು. ಒಂದನ್ನು ಆರಿಸಬೇಕು. ಒಂದರ ಹಿಂದೆ ಪಾಯಿಂಟ್ ಸಿಗುತ್ತದೆ, ಇನ್ನೊಂದರ ಹಿಂದೆ ಪಾಯಿಂಟ್ ಹೋಗುತ್ತದೆ. ಪಾಯಿಂಟ್ ಕೂಡಿಸಿದರೆ ಕೊನೆಗೆ ಆಟಿಕೆ. ನಮ್ಮ ಜಾತ್ರೆಯ ರಿಂಗ್ ಹಾಕುವ ಅಂಗಡಿಯ ಹಾಗೆಯೇ, ಬರೀ ಅದೃಷ್ಟದ ಆಟ.

ಗೆದ್ದೆ ಎಂದು ಪರದೆ ತೋರಿಸಿದ ಮೇಲೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ, ಅಂದರೆ ಸುಮಾರು 300 ಮಿಲಿಸೆಕೆಂಡಿಗೆ, ಮಿದುಳಿನ ಮುಂಭಾಗದಿಂದ ಒಂದು ವಿದ್ಯುತ್ ಅಲೆ ಏಳುತ್ತದೆ. ಮಗು "ಹೋ" ಎಂದು ಕೂಗುವ ಮೊದಲೇ, ನಕ್ಕು ಅಮ್ಮನ ಕಡೆ ತಿರುಗುವ ಮೊದಲೇ ಇದು ಆಗಿಹೋಗಿರುತ್ತದೆ. ಖಿನ್ನತೆ ಇಲ್ಲದ ಮಕ್ಕಳಲ್ಲಿ ಆ ಅಲೆ ಚೆನ್ನಾಗಿ ಎದ್ದಿತು. ಖಿನ್ನತೆ ಇದ್ದ ಮಕ್ಕಳಲ್ಲಿ ಸಪ್ಪೆಯಾಗಿತ್ತು.

ಇನ್ನು ಸೋತಾಗ? ಅಲ್ಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸವೇ ಇರಲಿಲ್ಲ. ಪಾಯಿಂಟ್ ಹೋಯಿತು ಎಂಬ ಸುದ್ದಿ ಖಿನ್ನತೆಯ ಮಗುವಿಗೂ ಉಳಿದವರಷ್ಟೇ ಸ್ಪಷ್ಟವಾಗಿ ತಲುಪಿತು.

ಇದನ್ನು ಓದಿದಾಗ ನಾನು ಒಂದು ಕ್ಷಣ ಪುಸ್ತಕ ಕೆಳಗಿಟ್ಟೆ. ಖಿನ್ನತೆ ಎಂದರೆ ಎಲ್ಲಕ್ಕೂ ಮರಗಟ್ಟಿದ ಸ್ಥಿತಿ ಎಂದುಕೊಂಡಿದ್ದೆ. ಹಾಗಿಲ್ಲ. ಗೆಲುವಿನ ರೇಡಿಯೋ ಸಣ್ಣ ದನಿಯಲ್ಲಿದೆ, ಸೋಲಿನ ರೇಡಿಯೋ ಮಾಮೂಲಿ ದನಿಯಲ್ಲೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಗುವಿಗೆ ದಿನವಿಡೀ ಕೇಳಿಸುವುದು ಯಾವುದು ಹೇಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇದು ಗುಂಪಿನ ಸರಾಸರಿ. ಒಂದು ಮಗುವಿಗೆ ಟೋಪಿ ಹಾಕಿ "ಇವನಿಗೆ ಡಿಪ್ರೆಶನ್ ಇದೆ" ಎಂದು ಹೇಳುವ ಪರೀಕ್ಷೆ ಇದಲ್ಲ. "ಮಿದುಳಿನ ಸ್ಕ್ಯಾನ್ ಮಾಡಿ ಖಿನ್ನತೆ ಹೇಳುತ್ತೇವೆ" ಎಂದು ಯಾರಾದರೂ ಬೋರ್ಡ್ ಹಾಕಿದ್ದರೆ ಜೇಬು ಭದ್ರ ಮಾಡಿಕೊಂಡು ಬೇರೆ ದಾರಿ ಹಿಡಿಯಿರಿ. ಮಗುವಿನ ಜೊತೆ, ಮನೆಯವರ ಜೊತೆ ಕೂತು ಮಾತಾಡಿ ಡಾಕ್ಟರು ಹೇಳಬೇಕಾದ ಕಾಯಿಲೆ ಇದು.

ಅಜ್ಜಿಯ ಚೀಲ ಮತ್ತು ಕರದಂಟು

ಬಹುಮಾನದ ಅಲೆ ಏಳುವುದು ಎಲ್ಲಿಂದ? ಇದಕ್ಕೆ ನಮ್ಮ ಮನೆಯದೇ ಉದಾಹರಣೆ ಸಾಕು.

ಅಜ್ಜಿ ಗೋಕಾಕದಿಂದ ಬರುತ್ತಾಳೆ. ಮೊದಲ ಸಲ ಚೀಲದಿಂದ ಕರದಂಟು ತೆಗೆದಾಗ ಮಗುವಿಗೆ ಅದು ಅಚ್ಚರಿ. ಆಗ ಮಿದುಳಿನ ಆಳದಲ್ಲಿರುವ ಡೋಪಮೈನ್ ಕೋಶಗಳು ಒಮ್ಮೆಲೇ ಸಿಡಿಯುತ್ತವೆ. ಹತ್ತು ಸಲ ಹೀಗಾದ ಮೇಲೆ ಕರದಂಟು ಬಾಯಿಗೆ ಬಿದ್ದಾಗ ಅವು ಸುಮ್ನೆ ಇರುತ್ತವೆ. ಸಿಡಿಯುವುದು ಯಾವಾಗ? ಬಾಗಿಲಲ್ಲಿ ಅಜ್ಜಿಯ ಚೀಲ ಕಂಡಾಗ. ಹನ್ನೊಂದನೇ ಸಲ ಚೀಲ ಬಿಚ್ಚಿದರೆ ಬರೀ ಸೀರೆ, ಔಷಧಿ. ಆಗ ಡೋಪಮೈನ್ ಕೋಶಗಳು ಮಾಮೂಲಿಗಿಂತಲೂ ಕೆಳಗೆ ಕುಸಿಯುತ್ತವೆ.

ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಈ ಲೆಕ್ಕವನ್ನು ಹಿಡಿದರು. 1997ರಲ್ಲಿ ಪೀಟರ್ ದಯಾನ್, ರೀಡ್ ಮಾಂಟೆಗ್ ಜೊತೆ ಸೇರಿ ಬರೆದ ಲೇಖನ ಈ ವಿಷಯದ ಅಡಿಪಾಯ. ಅವರು ಹೇಳಿದ್ದು ಇಷ್ಟು: ಡೋಪಮೈನ್ ಬರೀ ಖುಷಿಯ ರಸವಲ್ಲ. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಅದು ಬರೆದಿಡುತ್ತದೆ. ಜಾಸ್ತಿ ಸಿಕ್ಕರೆ "ಇದನ್ನು ಮತ್ತೆ ಮಾಡು" ಎಂಬ ಗುರುತು ಬೀಳುತ್ತದೆ. ಕಡಿಮೆ ಸಿಕ್ಕರೆ "ಈ ದಾರಿ ಬಿಡು".

ಈ ಸಂದೇಶ ಮುಖ್ಯವಾಗಿ ಬಂದು ಸೇರುವ ಜಾಗದ ಹೆಸರು ವೆಂಟ್ರಲ್ ಸ್ಟ್ರಯೇಟಮ್. ಖಿನ್ನತೆ ಇರುವ ಹದಿಹರೆಯದವರನ್ನು, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಬಹುಮಾನದ ಆಟ ಆಡಿಸಿದಾಗ ಸಪ್ಪೆ ಕಾಣುವುದೂ ಇದೇ ಜಾಗ. ಪಿಟ್ಸ್‌ಬರ್ಗ್‌ನ ಎರಿಕಾ ಫೋರ್ಬ್ಸ್ 2009ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಂತ್ರದಲ್ಲಿ ಈ ಜಾಗ ಎಷ್ಟು ಚುರುಕಾಗಿತ್ತೋ, ಮನೆಯಲ್ಲಿ ದಿನನಿತ್ಯದ ಬದುಕಿನಲ್ಲಿ ಆ ಹುಡುಗರು ಫೋನಿನಲ್ಲಿ ಹೇಳಿಕೊಂಡ ಖುಷಿಯೂ ಅದಕ್ಕೆ ತಾಳೆಯಾಯಿತು. ಅಂದರೆ ಲ್ಯಾಬಿನ ಆಟಕ್ಕೂ ಅಂಗಳದ ಆಟಕ್ಕೂ ಸಂಬಂಧವಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನನ್ನ ಪ್ರಕಾರ ಅಪ್ಪ ಅಮ್ಮಂದಿರು ಜಾಸ್ತಿ ಎಡವುವುದೂ ಇಲ್ಲೇ. ಬಯಸುವುದು ಬೇರೆ, ಸವಿಯುವುದು ಬೇರೆ. ಕೆಂಟ್ ಬೆರಿಡ್ಜ್ ಎಂಬ ವಿಜ್ಞಾನಿ ಡೋಪಮೈನ್ ಇಲ್ಲದ ಹಾಗೆ ಮಾಡಿದ ಇಲಿಗಳನ್ನು ನೋಡಿದರು. ಆಹಾರ ಎದುರಿಗೇ ಇದ್ದರೂ ಅವು ಹೋಗಿ ತಿನ್ನುವುದಿಲ್ಲ, ಹಾಗೇ ಬಿಟ್ಟರೆ ಹಸಿದು ಸಾಯುತ್ತವೆ. ಆದರೆ ನಾಲಿಗೆಗೆ ಸಕ್ಕರೆ ನೀರು ಹಾಕಿದರೆ ಚಪ್ಪರಿಸುತ್ತವೆ! ರುಚಿ ಸತ್ತಿಲ್ಲ, ಎದ್ದು ಹೋಗುವ ಆಸೆ ಸತ್ತಿದೆ.

ನಮ್ಮ ಹುಡುಗನೂ ಹಾಗೆಯೇ. ಅಕ್ಕ ಒತ್ತಾಯ ಮಾಡಿ ಹೋಳಿಗೆ ತಿನ್ನಿಸಿದರೆ ತಿನ್ನುತ್ತಿದ್ದ, ತಿಂದು "ಚೊಲೊ ಐತಿ" ಎಂದೂ ಅನ್ನುತ್ತಿದ್ದ. ಕೇಳಿ ತಿನ್ನುತ್ತಿರಲಿಲ್ಲ. ಅದನ್ನು ನೋಡಿ ಮನೆಯಲ್ಲಿ ಎಲ್ಲರೂ "ಇವನಿಗೆ ಏನೂ ಆಗಿಲ್ಲ, ಸುಮ್ನೆ ನಾಟಕ" ಎಂದುಕೊಂಡೆವು. ನಾನೂ ಸೇರಿ.

ದೂರದ ಬಹುಮಾನ ಯಾಕೆ ಕೆಲಸ ಮಾಡುವುದಿಲ್ಲ ಎಂಬುದೂ ಇಲ್ಲಿಂದಲೇ ಅರ್ಥವಾಗುತ್ತದೆ. "ಪಾಸಾದರೆ ಮೇ ತಿಂಗಳಲ್ಲಿ ಗೇರ್ ಸೈಕಲ್" ಎನ್ನುತ್ತೇವೆ. ಸೈಕಲ್ ಬರುವುದು ಮೇನಲ್ಲಿ. ಅಲ್ಲಿಯವರೆಗೆ ಹುಡುಗನನ್ನು ಎಳೆಯಬೇಕಾದ್ದು ಸೈಕಲ್ಲಿನ ಕನಸು. ಕೆಟ್ಟಿರುವುದೇ ಆ ಕನಸು ಕಾಣುವ ಭಾಗ. ಸೈಕಲ್ ಬದಲು ಬೈಕ್ ಕೊಡುತ್ತೇನೆ ಎಂದರೂ ಅಷ್ಟೇ.

ಕಾಯಿಲೆಗಿಂತ ಮೊದಲೇ ಕಾಣುವ ಸಪ್ಪೆತನ

ಖಿನ್ನತೆ ಬಂದದ್ದರಿಂದ ಬಹುಮಾನ ಸಪ್ಪೆಯಾಯಿತೋ, ಸಪ್ಪೆ ಇದ್ದುದರಿಂದ ಖಿನ್ನತೆ ಬಂತೋ? ಸಪ್ಪೆತನವೇ ಮೊದಲು ಬರಬಹುದು ಎಂಬುದಕ್ಕೆ ಪುರಾವೆ ಇದೆ. 2013ರಲ್ಲಿ ಜೆನ್ನಿಫರ್ ಬ್ರೆಸ್, ಗ್ರೆಗ್ ಹಜ್ಕಾಕ್ ಮುಂತಾದವರು ಖಿನ್ನತೆ ಇನ್ನೂ ಬಂದಿರದ ಹದಿಹರೆಯದ ಹುಡುಗಿಯರಿಗೆ ಇಂಥದೇ ಆಟ ಆಡಿಸಿದರು. ಯಾರಲ್ಲಿ ಬಹುಮಾನದ ಅಲೆ ಚಿಕ್ಕದಾಗಿತ್ತೋ ಅವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಜಾಸ್ತಿ ಇತ್ತು. ಯುರೋಪಿನ ಇಮೇಜೆನ್ ಎಂಬ ದೊಡ್ಡ ಅಧ್ಯಯನ 14ನೇ ವಯಸ್ಸಿನಲ್ಲಿ ಮಿದುಳು ನೋಡಿ, 16ಕ್ಕೆ ಮತ್ತೆ ಆ ಮಕ್ಕಳನ್ನು ಮಾತಾಡಿಸಿತು. ಅಲ್ಲೂ ಕಥೆ ಇದೇ.

ಶಿಕ್ಷೆಯ ಕಡೆಯ ಲೆಕ್ಕ ಇಷ್ಟು ನೇರವಿಲ್ಲ. ಲೂಬಿ ತಂಡದ ಪುಟ್ಟ ಮಕ್ಕಳಲ್ಲಿ ಸೋಲಿನ ಅಲೆ ಮಾಮೂಲಿಯಾಗಿತ್ತು ಎಂದೆನಲ್ಲ. ಬೇರೆ ಕಡೆ ಅದು ಮಾಮೂಲಿಗಿಂತ ಜೋರಾಗಿಯೂ ಕಂಡಿದೆ. ಸ್ಟ್ಯಾನ್‌ಫರ್ಡ್‌ನ ಇಯಾನ್ ಗಾಟ್ಲಿಬ್ 2010ರಲ್ಲಿ 10ರಿಂದ 14 ವರ್ಷದ ಹುಡುಗಿಯರನ್ನು ನೋಡಿದರು. ಅವರಿಗೆ ಖಿನ್ನತೆ ಇರಲಿಲ್ಲ, ಅವರ ತಾಯಂದಿರಿಗೆ ಇತ್ತು. ಆ ಹುಡುಗಿಯರಲ್ಲಿ ಗೆದ್ದಾಗ ಸ್ಟ್ರಯೇಟಮ್ ಸಪ್ಪೆ. ಕಳೆದುಕೊಂಡಾಗ ಮಾತ್ರ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗ ಬೇರೆ ಹುಡುಗಿಯರಿಗಿಂತ ಜಾಸ್ತಿ ಉರಿಯಿತು. ತಪ್ಪು, ನೋವು, ಗೊಂದಲ ಇವುಗಳ ಮೇಲೆ ಕಣ್ಣಿಡುವ ಭಾಗ ಅದು.

ದೊಡ್ಡವರ ಮೇಲಿನ ಇನ್ನೊಂದು ಹಳೆಯ ಪ್ರಯೋಗ ನನಗೆ ಬಹಳ ಮುಖ್ಯ ಅನಿಸುತ್ತದೆ. 1996ರಲ್ಲಿ ಕೇಂಬ್ರಿಜ್‌ನ ರೆಬೆಕಾ ಎಲಿಯಟ್ ಮತ್ತು ಜೊತೆಯವರು ಖಿನ್ನತೆ ಇರುವವರಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟರು. ಒಂದು ಲೆಕ್ಕ ತಪ್ಪಾಯಿತು ಎಂದು ಗೊತ್ತಾದ ಕೂಡಲೇ ಅವರು ಮುಂದಿನ ಲೆಕ್ಕವನ್ನೂ ತಪ್ಪು ಮಾಡುವುದು ಜಾಸ್ತಿಯಾಯಿತು. ಉಳಿದವರು ತಪ್ಪನ್ನು ನೋಡಿ ತಿದ್ದಿಕೊಳ್ಳುತ್ತಾರೆ, ಇವರು ತಪ್ಪಿನಲ್ಲೇ ಮುಳುಗುತ್ತಾರೆ.

ಪಟ್ಟಿಯ ಕೆಂಪು ಬಣ್ಣ ನೆನಪಿಸಿಕೊಳ್ಳಿ. ಅದನ್ನು ಹಾಕಿದವರ ಉದ್ದೇಶ ಕೆಟ್ಟದ್ದೇನಲ್ಲ, "ನೋಡಿಯಾದರೂ ಓದಲಿ" ಎಂದು. ಗಟ್ಟಿ ಇರುವ ಹುಡುಗ ಓದಿಯೂ ಓದುತ್ತಾನೆ. ಇಂಥ ಹುಡುಗ ಆ ಕೆಂಪನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಮುಂದಿನ ಟೆಸ್ಟಿಗೆ ಹೋಗುತ್ತಾನೆ.

ಪುಟ್ಟ ಮಕ್ಕಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ: ಅತಿಯಾದ ತಪ್ಪಿತಸ್ಥ ಭಾವ. ಲೂಬಿ ತಂಡ ಇದನ್ನು ಖಿನ್ನತೆಯ ಚಿಕ್ಕ ಮಕ್ಕಳಲ್ಲಿ ಮತ್ತೆ ಮತ್ತೆ ಕಂಡಿದೆ. ಗ್ಲಾಸು ಒಡೆದದ್ದು ಬೆಕ್ಕು, ಅಳುವುದು ಮಗು. ಅಪ್ಪ ಅಮ್ಮ ಜಗಳ ಆಡಿದರೆ "ನನ್ನಿಂದಾನೆ". ಈ ಮಕ್ಕಳಿಗೆ ನಾವು ಹೊರಗಿನಿಂದ ಶಿಕ್ಷೆ ಕೊಡುವ ಅಗತ್ಯವೇ ಇರುವುದಿಲ್ಲ. ಒಳಗೆ ಒಬ್ಬ ಮೇಷ್ಟ್ರು ಛಡಿ ಹಿಡಿದು ಕೂತಿರುತ್ತಾನೆ.

"ಬೈದ ಮೇಲೆ ಸುಧಾರಿಸಿದ" ಎಂಬ ಮೋಸ

ಹಾಗಾದರೆ ಭಾವ ಬೈದಾಗ ಹುಡುಗ ಎದ್ದದ್ದು ಸುಳ್ಳೇ? ಸುಳ್ಳಲ್ಲ. ತೆರೆದಿರುವ ಬಾಗಿಲು ಅದೊಂದೇ. ಬಡಿದರೆ ಅಲ್ಲಿಂದಲೇ ಓಗೊಡುತ್ತಾನೆ. ಆದರೆ ಓದಲು ಎದ್ದದ್ದಕ್ಕೂ ಏಟು ತಪ್ಪಿಸಿಕೊಳ್ಳಲು ಎದ್ದದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಅವತ್ತು ನಾನು ಪಕ್ಕದಲ್ಲಿ ಕೂತು ನೋಡಿದೆ. ಅರ್ಧ ಗಂಟೆ ಒಂದೇ ಪುಟ ತೆರೆದಿತ್ತು. ಪೆನ್ಸಿಲ್ ಕೈಯಲ್ಲಿತ್ತು, ಬಾಗಿಲ ಕಡೆ ಭಾವನ ಹೆಜ್ಜೆ ಸದ್ದು ಬಂದಾಗ ಮಾತ್ರ ಅಲುಗಾಡುತ್ತಿತ್ತು.

ಇದರ ಮೇಲೆ ಇನ್ನೊಂದು ಕಣ್ಕಟ್ಟು ಸೇರಿಕೊಳ್ಳುತ್ತದೆ. ಇದು ಬರೀ ಲೆಕ್ಕದ್ದು. ಡೇನಿಯಲ್ ಕಾನಮನ್ ಎಂಬ ಮನಶ್ಶಾಸ್ತ್ರಜ್ಞರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುತ್ತಿದ್ದಾಗ ಒಬ್ಬ ಎದ್ದು ನಿಂತು ವಾದ ಮಾಡಿದ: "ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ. ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ." ಅವನು ನೋಡಿದ್ದು ನಿಜವೇ. ಕಾರಣ ಮಾತ್ರ ಬೇರೆ. ತೀರಾ ಒಳ್ಳೆಯ ದಿನದ ಮರುದಿನ ಯಾರಾದರೂ ಸ್ವಲ್ಪ ಕೆಳಗಿಳಿಯುತ್ತಾರೆ, ತೀರಾ ಕೆಟ್ಟ ದಿನದ ಮರುದಿನ ಸ್ವಲ್ಪ ಮೇಲೇರುತ್ತಾರೆ. ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ, ಸುಮ್ನೆ ಇದ್ದರೂ ಅಷ್ಟೇ. ನಾವು ಬೈಯುವುದು ಯಾವಾಗಲೂ ಕೆಟ್ಟ ಅಂಕದ ಮರುದಿನವಾದ್ದರಿಂದ ಬೈಗುಳಕ್ಕೆ ಪುಕ್ಕಟೆ ಹೆಸರು ಬರುತ್ತದೆ.

ದಂಡಂ ದಶಗುಣಂ ಎನ್ನುವವರು ಈ ಎರಡನ್ನೂ ಸೇರಿಸಿ ನೋಡಬೇಕು. ಹೊಗಳಿಕೆ ತಲುಪದ ಮಗು, ಬೈಗುಳಕ್ಕೆ ಸುಮ್ನೆ ಸಿಗುವ ಯಶಸ್ಸು. ಇವೆರಡು ಒಂದೇ ಮನೆಯಲ್ಲಿ ಸೇರಿದರೆ ಒಂದು ವರ್ಷದೊಳಗೆ ಆ ಮನೆಯಲ್ಲಿ ಹೊಗಳಿಕೆ ಪೂರ್ತಿ ನಿಂತುಹೋಗುತ್ತದೆ. ಯಾರೂ ಕ್ರೂರಿಗಳಲ್ಲ. ಅನುಭವ ಕಲಿಸಿದ ಹಾಗೆ ನಡೆದುಕೊಂಡಿರುತ್ತಾರೆ.

ಏಟಿನ ಬಗ್ಗೆ ಒಂದು ಮಾತು. 2021ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಮನೆಯಲ್ಲಿ ಏಟು ತಿಂದ ಮಕ್ಕಳಿಗೆ ಹೆದರಿದ ಮುಖಗಳ ಚಿತ್ರ ತೋರಿಸಿದರು. ಏಟು ತಿನ್ನದ ಮಕ್ಕಳಿಗಿಂತ ಇವರ ಮಿದುಳಿನ ಮುಂಭಾಗ ಜಾಸ್ತಿ ಎಚ್ಚರಗೊಂಡಿತು. ತೀವ್ರ ದೌರ್ಜನ್ಯ ಕಂಡ ಮಕ್ಕಳಲ್ಲಿ ಕಾಣುವುದೂ ಇದೇ ಮಾದರಿ. ಬಾಗಿಲ ಸದ್ದಿಗೆ ಅಲುಗಾಡುವ ಪೆನ್ಸಿಲ್ ಎಂದೆನಲ್ಲ, ಅದೇ.

ಜಾತ್ರೆಯ ತಿಂಗಳೇ ಪರೀಕ್ಷೆಯ ತಿಂಗಳು

ಇದನ್ನು ವಿಜಯಪುರದಲ್ಲಿ ಕೂತು ಬರೆಯಲು ಕಾರಣವಿದೆ. ನಮ್ಮೂರಿನಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಅದರ ಜೊತೆ ನವೋದಯ, ಮೊರಾರ್ಜಿ ದೇಸಾಯಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಹುಡುಗಿಯರ ಸೈನಿಕ ಶಾಲೆ. ಎಲ್ಲಕ್ಕೂ ಪ್ರವೇಶ ಪರೀಕ್ಷೆ, ಎಲ್ಲವೂ 5ನೇ ತರಗತಿಯ ಮಕ್ಕಳಿಗೆ. ಒಂದು ನವೋದಯದಲ್ಲಿ 6ನೇ ತರಗತಿಗೆ ಸಿಗುವುದು 80 ಸೀಟು. ಪರೀಕ್ಷೆ 2 ಗಂಟೆ, 80 ಪ್ರಶ್ನೆ, ಅದರಲ್ಲಿ 40 ಪ್ರಶ್ನೆ ಮೆಂಟಲ್ ಎಬಿಲಿಟಿಯವು. ಮಗುವಿನ ಮೆಂಟಲ್ ಎಬಿಲಿಟಿ ಅಳೆಯಲು ಇಷ್ಟು ಪ್ರಶ್ನೆ ಕೇಳುವ ನಾವು, ಅದರ ಮನಸ್ಸು ಹೇಗಿದೆ ಎಂದು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇರಲಿ.

ಹಾಗಾಗಿ ನಮ್ಮ ಓಣಿಗಳಲ್ಲಿ 4ನೇ, 5ನೇ ತರಗತಿಯ ಮಕ್ಕಳಿಗಾಗಿಯೇ ಕೋಚಿಂಗ್ ಬೋರ್ಡುಗಳು. ಕೆಲವು ಕಡೆ ವಸತಿಯೂ ಉಂಟು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಜಮಖಂಡಿ ಕಡೆಯಿಂದ ಒಂಬತ್ತು ವರ್ಷದ ಮಕ್ಕಳು ಟ್ರಂಕು ಹಿಡಿದು ಬರುತ್ತವೆ. ಅಪ್ಪ ಅಮ್ಮ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋದವರಿದ್ದಾರೆ, ಸಾಲ ಮಾಡಿ ಫೀ ಕಟ್ಟಿದವರಿದ್ದಾರೆ. ಅವರಿಗೆ ಇದು ಹಟವಲ್ಲ, ಮಗ ಹೊಲದ ಕೆಸರಿನಿಂದ ಮೇಲೆ ಬರಲಿಕ್ಕೆ ಕಾಣುವ ಒಂದೇ ಏಣಿ. ಆ ಆಸೆಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಕ್ಕನದೂ ಅದೇ ಆಸೆ.

ಸಾಮಾನ್ಯವಾಗಿ ನವೋದಯ ಪರೀಕ್ಷೆ ಬೀಳುವುದು ಜನವರಿಯಲ್ಲಿ. ಜಾತ್ರೆಯ ಸದ್ದು ಹೊರಗೆ, ಮಾಡೆಲ್ ಪೇಪರ್ ಒಳಗೆ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. ಆದರೆ ಅದು ಶಾಲೆಗಳ ಕಾಯ್ದೆ. ಕೋಚಿಂಗ್ ಕೇಂದ್ರಗಳು 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮ ಓಣಿಯ ಬೋರ್ಡಿನಲ್ಲಿ ಮಾತ್ರ ಈಗಲೂ "4ನೇ ತರಗತಿಯಿಂದ ಪ್ರವೇಶ ಆರಂಭ" ಎಂದೇ ಇದೆ.

ಇಷ್ಟಕ್ಕೇ ಕೋಚಿಂಗ್ ಮಕ್ಕಳಿಗೆಲ್ಲ ಡಿಪ್ರೆಶನ್ ಎಂದುಕೊಳ್ಳಬೇಡಿ. ಬಹಳ ಮಕ್ಕಳು ಚೆನ್ನಾಗಿಯೇ ಇರುತ್ತವೆ, ಗೆಳೆಯರ ಜೊತೆ ಕಿತ್ತಾಡಿಕೊಂಡು ಖುಷಿಯಾಗಿಯೇ ಕಲಿಯುತ್ತವೆ. ನನ್ನ ತಕರಾರು ಇರುವುದು ಆ ವ್ಯವಸ್ಥೆಯ ಭಾಷೆಯ ಬಗ್ಗೆ. ಅಲ್ಲಿ ಹತ್ತಿರದ ಬಹುಮಾನ ಅಪರೂಪ, ದೂರದ ಬಹುಮಾನ ದೊಡ್ಡದು, ಹತ್ತಿರದ ಶಿಕ್ಷೆ ದಿನಾ. ಬಹುಮಾನ ಕೇಳಿಸದ ಮಗುವಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಅಂಥ ಮಗುವನ್ನು ಅಲ್ಲಿ ಗುರುತಿಸುವುದು ಇನ್ನೂ ಕಷ್ಟ. ಗಲಾಟೆ ಮಾಡುವುದಿಲ್ಲ, ಎದುರು ಮಾತಾಡುವುದಿಲ್ಲ. ಹಾಜರಿ ಕೂಗಿದರೆ "ಎಸ್ ಸರ್".

ಏನು ನೋಡಬೇಕು

ಮಕ್ಕಳ ಖಿನ್ನತೆ ಯಾವಾಗಲೂ ಅಳುವಿನ ವೇಷದಲ್ಲಿ ಬರುವುದಿಲ್ಲ. ಬರೀ ಸಿಡುಕಾಗಿಯೂ ಬರಬಹುದು. ನಮ್ಮ ಕಡೆ ಬಹಳ ಸಲ ಹೊಟ್ಟೆ ನೋವಾಗಿ ಬರುತ್ತದೆ. ಸಾಲಿಗೆ ಹೋಗುವ ಹೊತ್ತಿಗೆ ಹೊಟ್ಟೆ ಹಿಡಿದುಕೊಳ್ಳುತ್ತಾನೆ, ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಇಲ್ಲ. ಆಮೇಲೆ ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ನಮ್ಮ ಮನೆಯಲ್ಲೂ ಮೂರೂ ಆದವು. ನಿದ್ದೆ, ಊಟ ಏರುಪೇರಾಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ದಿನ ಹೀಗೇ ಇದ್ದರೆ ತೋರಿಸಬೇಕು. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬಾರದು.

ಆದರೆ ನಾನು ಮೊದಲು ನೋಡಿ ಎನ್ನುವುದು ಆಟವನ್ನು. ತೀರಾ ಚಿಕ್ಕ ಮಕ್ಕಳಲ್ಲಿ ಖಿನ್ನತೆಯನ್ನು ಬೇರೆ ತೊಂದರೆಗಳಿಂದ ಬೇರ್ಪಡಿಸುವ ಗಟ್ಟಿ ಗುರುತು ಯಾವುದು ಎಂದು ಲೂಬಿ ಹುಡುಕಿದಾಗ ಸಿಕ್ಕಿದ್ದು ಇದೇ: ಆಟದಲ್ಲಿ ಖುಷಿ ಇಲ್ಲದಿರುವುದು. ಡಾಕ್ಟರುಗಳು ಇದಕ್ಕೆ ಅನ್‌ಹೆಡೋನಿಯಾ ಎನ್ನುತ್ತಾರೆ. ಬೇಸರ ಯಾವ ಮಗುವಿಗೂ ಆಗುತ್ತದೆ. ಆಟವೇ ಬೇಡವಾಗುವುದು ಬೇರೆ ಮಾತು.

ಎಷ್ಟು ಮಕ್ಕಳಿಗೆ? ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ 7.3% ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಇದರಲ್ಲಿ ಎಲ್ಲ ಬಗೆಯವೂ ಸೇರಿವೆ, ಖಿನ್ನತೆ ಒಂದು ಪಾಲು. ತಮಾಷೆ ಎಂದರೆ ಸಮೀಕ್ಷೆ ಮಾಡಿದ್ದು ಬೆಂಗಳೂರಿನ ಸಂಸ್ಥೆ, ಲೆಕ್ಕಕ್ಕೆ ಬಂದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಸಪ್ಪೆಯಾದ ಅಲೆ ಮತ್ತೆ ಏಳುತ್ತದೆಯೇ?

ಏಳುತ್ತದೆ. ಈ ಸಂಶೋಧನೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು.

2018ರಲ್ಲಿ ಲೂಬಿ ತಂಡ 3ರಿಂದ 6 ವರ್ಷದ 229 ಮಕ್ಕಳಿಗೆ, ಅವರ ತಂದೆ ತಾಯಿಯ ಸಮೇತ, ಒಂದು ಚಿಕಿತ್ಸೆಯ ಪರೀಕ್ಷೆ ಮಾಡಿತು. ಮಾತ್ರೆ ಇಲ್ಲ. ಸುಮಾರು 18 ವಾರ. ಕೋಣೆಯಲ್ಲಿ ಅಮ್ಮ ಮತ್ತು ಮಗು ಆಡುತ್ತಾರೆ. ಅಮ್ಮನ ಕಿವಿಯಲ್ಲೊಂದು ಪುಟ್ಟ ಸ್ಪೀಕರ್. ಗಾಜಿನ ಆಚೆ ಕೂತ ಥೆರಪಿಸ್ಟ್ ಅಲ್ಲಿಂದಲೇ ಪಿಸುಗುಡುತ್ತಾರೆ: ಈಗ ಅವನು ಮಾಡಿದ್ದನ್ನು ಹೆಸರಿಟ್ಟು ಹೇಳಿ, ಈಗ ಅವನು ನಕ್ಕ, ಅದನ್ನು ಬಿಡಬೇಡಿ, ನೀವೂ ನಗಿ, ಅವನು ಆಡಿದ ಹಾಗೆಯೇ ನೀವೂ ಆಡಿ. 1970ರ ದಶಕದಲ್ಲಿ ಶೀಲಾ ಐಬರ್ಗ್ ಹಟಮಾರಿ ಮಕ್ಕಳಿಗಾಗಿ ಶುರು ಮಾಡಿದ ಪದ್ಧತಿ ಇದು. ಇದಕ್ಕೆ ಭಾವನೆಗಳನ್ನು ಗುರುತಿಸುವ, ಖುಷಿಯನ್ನು ಹಿಗ್ಗಿಸುವ ಪಾಠ ಸೇರಿಸಿದ್ದು ಲೂಬಿ.

ಚಿಕಿತ್ಸೆ ಪಡೆದ ಮಕ್ಕಳಲ್ಲಿ ಖಿನ್ನತೆ ಬಹಳ ಕಡಿಮೆಯಾಯಿತು. ಅಷ್ಟೇ ಆಗಿದ್ದರೆ ಒಳ್ಳೆಯ ಸುದ್ದಿ ಎಂದು ಬಿಡಬಹುದಿತ್ತು. 2019ರಲ್ಲಿ ಡಿಯಾನಾ ಬಾರ್ಚ್ ಮತ್ತು ಜೊತೆಯವರು ಅದೇ ಮಕ್ಕಳ ಇಇಜಿ ಪ್ರಕಟಿಸಿದರು. ಚಿಕಿತ್ಸೆಯ ನಂತರ ಗೆಲುವಿನ ಅಲೆ ದೊಡ್ಡದಾಗಿತ್ತು. ಪಿಸುಮಾತು ಕೇಳಿಸಿಕೊಂಡದ್ದು ಅಮ್ಮ, ಬದಲಾದದ್ದು ಮಗುವಿನ ಮಿದುಳು!

ದೊಡ್ಡ ಮಕ್ಕಳಿಗೆ ಮಾತ್ರೆಯೂ ಇದೆ. ಫ್ಲುಒಕ್ಸೆಟಿನ್ ಎಂಬ ಔಷಧಿಗೆ ಅಮೆರಿಕದಲ್ಲಿ 8 ವರ್ಷ ಮೇಲ್ಪಟ್ಟ ಮಕ್ಕಳ ಖಿನ್ನತೆಗೆ ಒಪ್ಪಿಗೆ ಇದೆ. ಅದು ಬೇಕೋ ಬೇಡವೋ ಡಾಕ್ಟರು ಹೇಳಬೇಕು. ಮೆಡಿಕಲ್ ಅಂಗಡಿಯವನಲ್ಲ, ನಾನೂ ಅಲ್ಲ.

ನಮ್ಮ ಕಡೆ ಇದಕ್ಕಾಗಿ ಕನ್ನಡಿ ಗಾಜಿನ ಕೋಣೆ ಹುಡುಕಿಕೊಂಡು ಹೋಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೋಗುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಪುಕ್ಕಟೆ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಮಾನಸಿಕ ಆಸ್ಪತ್ರೆ ಎಂದರೆ ಧಾರವಾಡದ ಡಿಮ್ಹಾನ್ಸ್. ವಿಜಯಪುರದಿಂದ ಸುಮಾರು 200 ಕಿಲೋಮೀಟರ್. "ಧಾರವಾಡಕ್ಕ ಹೋಗಿ ಬಂದ್ರು" ಎಂದರೆ ನಮ್ಮ ಕಡೆ ಬೇರೆ ಅರ್ಥವೇ ಇದೆ. ಹಾಗಾಗಿ ನಮ್ಮ ಅಕ್ಕ, ಪಕ್ಕದ ಮನೆಯವರಿಗೆ "ಮದುವಿಗೆ ಹೊಂಟೀವಿ" ಎಂದು ಹೇಳಿ ಹುಡುಗನನ್ನು ಕರೆದುಕೊಂಡು ಬಸ್ ಹತ್ತಿದಳು.

ಅಲ್ಲಿಂದ ಬರುವಾಗ ಒಂದು ಕೆಲಸ ಕೊಟ್ಟಿದ್ದರು. ದಿನಾ ಹತ್ತು ನಿಮಿಷ ಅವನ ಜೊತೆ ಆಡಬೇಕು. ಆಟ ಅವನೇ ಆರಿಸಬೇಕು. ಆ ಹತ್ತು ನಿಮಿಷ ಪ್ರಶ್ನೆ ಕೇಳುವಂತಿಲ್ಲ, ತಿದ್ದುವಂತಿಲ್ಲ, ಮಗ್ಗಿ ಹೇಳಿಸುವಂತಿಲ್ಲ. ಏನಾದರೂ ಹಿಡಿಸಿದ ಹಾಗೆ ಕಂಡರೆ ಆಗಲೇ, ಅಲ್ಲೇ ಜೊತೆಗೂಡಬೇಕು, ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಭಾವ ಮೊದಲ ವಾರ "ಇದಕ್ಕ ಧಾರವಾಡಕ್ಕ ಹೋಗಬೇಕಿತ್ತೇನು" ಎಂದರು. ಎರಡನೇ ವಾರದಿಂದ ನೋಟ್‌ಬುಕ್ಕಿನಲ್ಲಿ ಅವರ ಅಕ್ಷರವೂ ಕಾಣತೊಡಗಿತು.

ಮೊನ್ನೆ ಅದನ್ನು ತಿರುವಿ ನೋಡಿದೆ. ನಡುವಿನ ಒಂದು ಪುಟ ಹೀಗಿದೆ:

"ಸೋಮವಾರ: ಕೇರಂ ಬೋರ್ಡ್ ತೆಗೆದೆ. ಒಲ್ಲೆ ಅಂದ. ಸುಮ್ನೆ ಪಕ್ಕಕ್ಕೆ ಕೂತೆ. ಮಂಗಳವಾರ: ಒಲ್ಲೆ. ಬುಧವಾರ: ಪಕ್ಕದ ಮನೆ ನಾಯಿಮರಿ ನೋಡಿ ನಿಂತ, 2 ನಿಮಿಷ. ನಾನೂ ನಿಂತೆ. ಗುರುವಾರ: ಒಲ್ಲೆ. ಶುಕ್ರವಾರ: ನಾಯಿಮರಿಗೆ ಏನು ತಿನ್ನಾಕ ಕೊಡ್ತಾರ ಅಂತ ಕೇಳಿದ."